ಸೋಮೇಶನ ನೀರಿಗೆ ಎರಡು ಗಡಿಯಾರ

ರೊಮೇನಿಯಾದ ನದಿಗಳ ಹೆಸರು ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಒಂದರ ಹೆಸರು ಸೊಮೇಶ್, ಇನ್ನೊಂದು ಮುರೇಶ್. ಮೈಸೂರಿನ ಅಗ್ರಹಾರದಲ್ಲಿ ಯಾವುದೋ ಮನೆಯ ಅಣ್ಣತಮ್ಮಂದಿರ ಹಾಗೆ! ಗಡಿ ದಾಟಿ ಹಂಗೇರಿಗೆ ಬಂದರೆ ಅದೇ ನದಿಗಳು ಸೊಮೋಶ್, ಮೊರೋಶ್ ಆಗುತ್ತವೆ. ನೀರು ಅದೇ, ಮೀನು ಅದೇ, ಕೆಸರೂ ಅದೇ. ನಾನು ನಕ್ಕಿದ್ದು ಅದೊಂದೇ ಸಲ. ಆಮೇಲೆ, ರಿಪೋರ್ಟಿನ ತಲೆಬರಹದಲ್ಲಿ ಯಾವ ಹೆಸರು ಮೊದಲು ಬರಬೇಕು ಅನ್ನುವುದಕ್ಕೇ ಅರ್ಧ ದಿನ ಹೋದ ಮೀಟಿಂಗುಗಳಲ್ಲಿ ಕೂತಿದ್ದೇನೆ.

ನಾನು ನೀರು ಪರೀಕ್ಷೆ ಮಾಡುವ ಕೆಮಿಸ್ಟ್. 1997ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಓದಲು ಬುಡಾಪೆಸ್ಟಿಗೆ ಹೋದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಹಂಗೇರಿಯ ಭಾಷೆ ಅಷ್ಟಿಷ್ಟು ಬಾಯಿಗೆ ಬಂತು. 1999ರ ಕೊನೆಗೆ ತಿಸಾ ನದಿಯ ದಡದ ಸೊಲ್ನೋಕ್ ಊರಿನ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿಂದ ಹನ್ನೆರಡು ವರ್ಷ ನಾನು ಮಾಡಿದ್ದು ಹೆಚ್ಚುಕಡಿಮೆ ಒಂದೇ ಕೆಲಸ. ಗಡಿಯ ಈ ಕಡೆಯ ಲ್ಯಾಬಿನ ಅಂಕಿಯನ್ನೂ ಆ ಕಡೆಯ ಲ್ಯಾಬಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು, ಯಾಕೆ ಹೊಂದುತ್ತಿಲ್ಲ ಅಂತ ಹುಡುಕುವುದು. ಪೇಪರಿನಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಪರಿಸರ ಸಹಕಾರ ಅಂತ ದೊಡ್ಡ ಹೆಸರು ಇರುತ್ತಿತ್ತು. ನಮಗೆ ಅದು ಬಾಟಲಿ, ಫಿಲ್ಟರು, ಪೆನ್ಸಿಲ್ಲು.

ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದವರು ಒಬ್ಬ ಹಿರಿಯ ಹೆಂಗಸು. ಅವರನ್ನು ಎಲ್ಲರೂ 'ನೇನಿ' ಅನ್ನುತ್ತಿದ್ದರು. ನಾವು ವಯಸ್ಸಾದವರನ್ನು ಅತ್ತೆ, ದೊಡ್ಡಮ್ಮ ಅನ್ನುತ್ತೇವಲ್ಲ, ಹಾಗೆ. ಮೂವತ್ತು ವರ್ಷ ಅದೇ ಮೇಜಿನ ಮುಂದೆ ನಿಂತು ದುಡಿದವರು. ನಾನು ಸೇರಿದ ಎರಡನೇ ವಾರದಲ್ಲೇ ಓಡಿಹೋಗಿ ಅವರಿಗೆ ಹೇಳಿದೆ: "ನೇನಿ, ಅಮೋನಿಯಂ 1,250 ಬಂದಿದೆ!" ಅವರು ಕನ್ನಡಕ ಏರಿಸಿ ಕಾಗದ ನೋಡಿದರು. "ಲೀಟರಿಗೆ ಸಾವಿರದ ಇನ್ನೂರೈವತ್ತು ಮಿಲಿಗ್ರಾಂ ಇದ್ದರೆ ಅದು ನದಿ ಅಲ್ಲ ಮಗಳೇ, ಗೊಬ್ಬರದ ಡ್ರಮ್ಮು" ಅಂದರು. ಅಲ್ಲಿ ದಶಮಾಂಶಕ್ಕೆ ಚುಕ್ಕಿ ಹಾಕುವುದಿಲ್ಲ, ಕಾಮಾ ಹಾಕುತ್ತಾರೆ. ಒಂದೂಕಾಲು ಮಿಲಿಗ್ರಾಮನ್ನು ನಾನು ಸಾವಿರದ ಲೆಕ್ಕದಲ್ಲಿ ಓದಿದ್ದೆ. ಲಕ್ಷ, ಕೋಟಿಗೆ ಕಾಮಾ ಹಾಕಿ ಬೆಳೆದ ಕೈ, ಏನು ಮಾಡೋದು.

ಅದಾದ ಕೆಲವೇ ವಾರಕ್ಕೆ ಸೈನೈಡ್ ಬಂತು.

2000ನೇ ಇಸವಿ ಜನವರಿ 30ರ ರಾತ್ರಿ. ಉತ್ತರ ರೊಮೇನಿಯಾದ ಬಾಯಾ ಮಾರೆ ಊರಿನ ಹತ್ತಿರ ಚಿನ್ನ ತೆಗೆಯುವ ಒಂದು ಘಟಕ. ಹಳೆಯ ಗಣಿಗಳ ತ್ಯಾಜ್ಯದ ಗುಡ್ಡೆಯನ್ನೇ ಮತ್ತೆ ಸೈನೈಡ್ ನೀರಿನಲ್ಲಿ ಕದಡಿ, ಉಳಿದ ಚಿನ್ನ ತೆಗೆಯುವ ಕೆಲಸ ಅಲ್ಲಿ ನಡೆಯುತ್ತಿತ್ತು. ನಮ್ಮ ಕೋಲಾರದವರಿಗೆ ಸೈನೈಡ್ ದಿಬ್ಬ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಅವತ್ತು ಬಿದ್ದಿದ್ದ ಹಿಮ ಕರಗಿತು, ಮೇಲೆ ಮಳೆಯೂ ಸೇರಿತು. ತ್ಯಾಜ್ಯದ ಕೊಳ ತುಂಬಿ ಕಟ್ಟೆ ಒಡೆಯಿತು. ಸುಮಾರು ಒಂದು ಲಕ್ಷ ಘನ ಮೀಟರ್ ವಿಷದ ನೀರು ಹೊರಗೆ ಬಂತು. ಅದರಲ್ಲಿದ್ದ ಸೈನೈಡ್ 50ರಿಂದ 100 ಟನ್ ಅಂತ ಆಮೇಲೆ ಅಂದಾಜು ಮಾಡಿದರು. ಹಳ್ಳ ಹಿಡಿದು ಸೊಮೇಶ್ ಸೇರಿತು. ಫೆಬ್ರವರಿ 1ಕ್ಕೆ ಗಡಿ ದಾಟಿ ಹಂಗೇರಿಯ ಚೆಂಗೆರ್ ಊರಿಗೆ ಬಂತು. ಅಲ್ಲಿ ಸಿಕ್ಕ ಅತಿ ಹೆಚ್ಚಿನ ಪ್ರಮಾಣ ಲೀಟರಿಗೆ 32.6 ಮಿಲಿಗ್ರಾಂ. ಮೀನು ಸಾಯಲು 0.1ರ ಆಸುಪಾಸು ಸಾಕು.

ಎಚ್ಚರಿಕೆ ಬಂದಿರಲಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಬಂದಿತ್ತು. ತಿಸಾ ಹೋಗಿ ಸೇರುವ ಡ್ಯಾನ್ಯೂಬ್ ನದಿಯ ದೇಶಗಳು 1994ರ ಜೂನ್ 29ರಂದು ಸೋಫಿಯಾದಲ್ಲಿ ನದಿ ಕಾಪಾಡುವ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದವು. ಆ ಒಪ್ಪಂದ 1998ರಲ್ಲಿ ಜಾರಿಗೆ ಬಂತು. ಅದರ ಆಯೋಗದ ಕಚೇರಿ ವಿಯೆನ್ನಾದಲ್ಲಿದೆ. ಆದರೆ ಅಪಘಾತದ ಎಚ್ಚರಿಕೆಯ ಜಾಲ ಅದಕ್ಕೂ ಮೊದಲೇ, 1997ರಲ್ಲೇ ಶುರುವಾಗಿತ್ತು. ಪ್ರತಿ ದೇಶದಲ್ಲೂ ಒಂದು ಕೇಂದ್ರ. ಮೇಲಿನ ದೇಶದಲ್ಲಿ ಏನಾದರೂ ಆದರೆ ಕೆಳಗಿನ ದೇಶಕ್ಕೆ ಸಂದೇಶ. ಬಾಯಾ ಮಾರೆಯಲ್ಲಿ ಸ್ಥಳೀಯ ಮಟ್ಟದಲ್ಲಿ ತಡವಾಯಿತು, ನಿಜ. ಆದರೂ ವಿಷಕ್ಕಿಂತ ಮುಂಚೆ ಸುದ್ದಿ ಗಡಿ ದಾಟಿತು. ಸೊಲ್ನೋಕಿನಲ್ಲಿದ್ದ ನಮಗೆ ಒಂದು ವಾರಕ್ಕಿಂತ ಹೆಚ್ಚು ಸಮಯ ಸಿಕ್ಕಿತು. ಸೊಮೇಶ್ ಹೋಗಿ ಸೇರುವುದು ತಿಸಾಕ್ಕೆ, ನಮ್ಮ ಊರಿಗೆ ಕುಡಿಯುವ ನೀರು ತಿಸಾದಿಂದಲೇ. ನದಿಯಿಂದ ನೀರೆತ್ತುವುದನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಮತ್ತೆ ಎಷ್ಟು ಹೊತ್ತಿಗೆ ಶುರು ಮಾಡಬಹುದು? ಇಷ್ಟೇ ಪ್ರಶ್ನೆ. ಉತ್ತರ ನಮ್ಮ ಬಾಟಲಿಯಲ್ಲಿತ್ತು.

ಆ ರಾತ್ರಿಗಳು ಈಗಲೂ ಕೈಬೆರಳಿನಲ್ಲಿವೆ. ನದಿಯ ಅಂಚಿನಲ್ಲಿ ಮಂಜುಗಡ್ಡೆ. ಸೇತುವೆಯ ಮೇಲಿಂದ ಹಗ್ಗ ಕಟ್ಟಿ ಬಕೆಟ್ ಬಿಡುವುದು, ಎಳೆಯುವುದು, ಬಾಟಲಿಗೆ ಸುರಿಯುವುದು. ಸೈನೈಡ್ ಸ್ಯಾಂಪಲ್ ತೆಗೆದ ಕೂಡಲೇ ಕಾಸ್ಟಿಕ್ ಸೋಡಾ ಹಾಕಿ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 12ರ ಮೇಲೆ ಏರಿಸಬೇಕು. ಇಲ್ಲದಿದ್ದರೆ ಸೈನೈಡ್ ಗಾಳಿಯಾಗಿ ಹಾರಿಹೋಗುತ್ತದೆ. ಲ್ಯಾಬಿಗೆ ಬರುವಷ್ಟರಲ್ಲಿ ಬಾಟಲಿ ನಿಮಗೆ ಸುಳ್ಳು ಹೇಳುತ್ತದೆ. ಬೆಳಕೂ ತಾಗಬಾರದು. ಕೈಗವಸು ಹಾಕಿಕೊಂಡರೆ ಮುಚ್ಚಳ ತಿರುಗಿಸಲು ಆಗುವುದಿಲ್ಲ, ತೆಗೆದರೆ ಬೆರಳು ಮರಗಟ್ಟುತ್ತದೆ. ನೇನಿ ಥರ್ಮಾಸ್ ಫ್ಲಾಸ್ಕಿನಲ್ಲಿ ನಿಂಬೆ ಹಾಕಿದ ಟೀ ತರುತ್ತಿದ್ದರು. ಕುಡಿಯುವ ಮೊದಲು ಮೊಣಕೈವರೆಗೆ ಕೈ ತೊಳೆಯಲೇಬೇಕು, ಅದು ಅವರ ಕಟ್ಟಪ್ಪಣೆ.

ವಿಷ ಬರುವಾಗ ಏನೂ ಕಾಣುವುದಿಲ್ಲ. ನೀರು ಅದೇ ಬಣ್ಣ. ಮೊದಲು ರೀಡಿಂಗು ಏರುತ್ತದೆ. ಆಮೇಲೆ ಮೀನು ಬರುತ್ತವೆ. ಬೆಳ್ಳಿ ಗೆಂಡೆ, ನಮ್ಮ ಕೆರೆಗಳಿಗೂ ಬಿಡುತ್ತಾರಲ್ಲ, ಅದೇ ಜಾತಿ. ಎಳೆ ಮಗುವಿನಷ್ಟು ಉದ್ದದವು, ಹೊಟ್ಟೆ ಮೇಲೆ ಮಾಡಿಕೊಂಡು ತೇಲಿ ಬಂದವು. ಹಂಗೇರಿಯ ಲೆಕ್ಕದಲ್ಲಿ ಸತ್ತ ಮೀನು 1,240 ಟನ್. ಈ ಸಲ ಕಾಮಾ ಸಾವಿರದ್ದೇ. ಮೀನುಗಾರರು ದೋಣಿಯಲ್ಲಿ ನಿಂತು ಕವೆಗೋಲಿನಲ್ಲಿ ಎತ್ತಿ ಹಾಕುತ್ತಿದ್ದರು. ಅವರಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ನಾನು ಮೀನು ತಿನ್ನುವವಳಲ್ಲ. ಆದರೂ ಸಂತೆಯಲ್ಲಿ ಮೀನಿನಂಗಡಿಗಳು ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದನ್ನು ನೋಡುವಾಗ ಸಂಕಟವಾಗುತ್ತಿತ್ತು. ದೂರದ ಸರೋವರದ ಮೀನು ತಂದಿಟ್ಟರೂ ಯಾರೂ ಕೊಳ್ಳುತ್ತಿರಲಿಲ್ಲ.

ತಿಸಾದಿಂದ ವಿಷ ಯುಗೊಸ್ಲಾವಿಯಾಕ್ಕೆ ಹೋಯಿತು, ಅಲ್ಲಿ ಡ್ಯಾನ್ಯೂಬ್ ಸೇರಿತು. ನಾಲ್ಕು ವಾರದಲ್ಲಿ ಸುಮಾರು 2,000 ಕಿಲೋಮೀಟರ್ ಸಾಗಿ ಕಪ್ಪು ಸಮುದ್ರ ಮುಟ್ಟಿತು. ಹಿಂದಿನ ವರ್ಷವಷ್ಟೇ ನೇಟೋ ಬಾಂಬು ಹಾಕಿದ ದೇಶ ಯುಗೊಸ್ಲಾವಿಯಾ. ನೋವಿ ಸಾದ್ ಊರಿನ ಸೇತುವೆಗಳು ಇನ್ನೂ ಡ್ಯಾನ್ಯೂಬಿನಲ್ಲಿ ಮುರಿದು ಬಿದ್ದಿದ್ದವು. ಡ್ಯಾನ್ಯೂಬ್ ಒಪ್ಪಂದದಲ್ಲಿ ಆಗ ಅವರು ಇರಲಿಲ್ಲ, ಸೇರಿದ್ದು 2003ರಲ್ಲಿ. ನದಿ ಅದನ್ನೆಲ್ಲ ಕೇಳುವುದಿಲ್ಲವಲ್ಲ.

ಜಗಳ ಶುರುವಾಗಿದ್ದು ವಿಷ ಹೋದ ಮೇಲೆ. ಹಂಗೇರಿಯವರು ಜಾಸ್ತಿ ಹೇಳುತ್ತಿದ್ದಾರೆ ಅಂತ ಗಣಿ ಕಂಪನಿಯವರು ಮೊದಲಿಗೆ ಅಂದರು. ಮುಚ್ಚಿಡುತ್ತಿದ್ದೀರಿ ಅಂತ ಇಲ್ಲಿನ ಪತ್ರಿಕೆಗಳು ಬರೆದವು. ಕೊನೆಗೆ ವಿಶ್ವಸಂಸ್ಥೆಯ ತಂಡ ಬಂದು ಮೂರೂ ದೇಶಗಳಲ್ಲಿ ತಾನೇ ಸ್ಯಾಂಪಲ್ ತೆಗೆಯಿತು. ಅಲ್ಲಿ ನನಗೆ ಒಂದು ವಿಷಯ ತಲೆಗೆ ಹತ್ತಿತು. ಸೈನೈಡ್ ಅಂದರೆ ಒಂದೇ ಅಲ್ಲ. ನೀರಿನಲ್ಲಿ ಬಿಡಿಯಾಗಿರುವ ಸೈನೈಡ್ ಇದೆ. ತಾಮ್ರ, ಸತುವಿಗೆ ಸಡಿಲವಾಗಿ ಅಂಟಿಕೊಂಡಿದ್ದು ಇದೆ. ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದೂ ಇದೆ. ಒಂದು ಲ್ಯಾಬು ಮೊದಲನೆಯದನ್ನು ಅಳೆದು, ಇನ್ನೊಂದು ಮೂರನ್ನೂ ಸೇರಿಸಿ ಅಳೆದು, ಎರಡೂ 'ಸೈನೈಡ್' ಅಂತಲೇ ಬರೆದರೆ ಇಬ್ಬರೂ ಸುಳ್ಳು ಹೇಳಿದ ಹಾಗಿಲ್ಲ. ಆದರೆ ಟೀವಿಯಲ್ಲಿ ಒಬ್ಬರು ಕಳ್ಳರಾಗಿ ಕಾಣುತ್ತಾರೆ.

ಮಾರ್ಚ್ 10ಕ್ಕೆ ಅದೇ ಪ್ರಾಂತ್ಯದ ಬಾಯಾ ಬೋರ್ಶಾದಲ್ಲಿ ಇನ್ನೊಂದು ಕಟ್ಟೆ ಒಡೆದು ಸೀಸ, ಸತು, ತಾಮ್ರದ ಕೆಸರು ಬಂತು. ಅದು ಬೇರೆ ಕಥೆ. ಅದಾದ ಮೇಲೆ ನನ್ನನ್ನು ಗಡಿಯ ಜಂಟಿ ಸ್ಯಾಂಪಲಿಂಗ್ ಕೆಲಸಕ್ಕೆ ಹಾಕಿದರು.

ಜಂಟಿ ಸ್ಯಾಂಪಲಿಂಗ್ ಹೊಸದೇನಲ್ಲ. ಕಮ್ಯುನಿಸ್ಟ್ ಕಾಲದಿಂದಲೂ ಗಡಿ ನದಿಗಳಿಗೆ ಎರಡು ದೇಶಗಳ ಸಮಿತಿಗಳು ಇದ್ದವು. ಆಗಲೂ ಮೀಟಿಂಗು, ಆಗಲೂ ಸಹಿ. ಆದರೆ ಅಂಕಿ ಹೊರಗೆ ಹೋಗುತ್ತಿರಲಿಲ್ಲ. ಪೂರ್ವ ಜರ್ಮನಿಯಲ್ಲಂತೂ ಪರಿಸರದ ಅಂಕಿಅಂಶಗಳೇ ಗುಟ್ಟು ಅಂತ 1982ರಲ್ಲಿ ಸರ್ಕಾರ ತೀರ್ಮಾನ ಮಾಡಿತ್ತು. ಹಂಗೇರಿ ಅಷ್ಟು ಬಿಗಿ ಇರಲಿಲ್ಲ. ಆದರೂ ನೇನಿಗೆ ಒಂದು ಅಭ್ಯಾಸ ಉಳಿದುಬಿಟ್ಟಿತ್ತು. ಹೊರಗಿನವರು ಲ್ಯಾಬಿಗೆ ಬಂದ ತಕ್ಷಣ ಅವರ ಕೈ ತಾನಾಗಿಯೇ ರಿಜಿಸ್ಟರನ್ನು ಮುಚ್ಚುತ್ತಿತ್ತು. ಮಾತಾಡುತ್ತಲೇ, ನೋಡದೆಯೇ, ಸುಮ್ನೆ ಮುಚ್ಚುವುದು. ನಾನು ತಮಾಷೆ ಮಾಡಿದರೆ, "ನಿನಗೆ ಗೊತ್ತಿಲ್ಲ ಮಗಳೇ" ಅಂತಿದ್ದರು.

ಆ ಕಡೆಯ ಲ್ಯಾಬಿನ ಮುಖ್ಯಸ್ಥರು ಒಬ್ಬ ಇಂಜಿನಿಯರ್. ಅವರಲ್ಲಿ ಹುದ್ದೆ ಸೇರಿಸಿಯೇ ಕರೆಯುವ ಪದ್ಧತಿ, ಹಾಗಾಗಿ ನಾನೂ ಅವರನ್ನು ಇಂಜಿನಿಯರ್ ಸಾಹೇಬರು ಅಂತಲೇ ಬರೆಯುತ್ತೇನೆ. ಎತ್ತರದ ಆಳು, ಸದಾ ಅದೇ ಕಂದು ಸ್ವೆಟರು. ಅವರಿಗೆ ಹಂಗೇರಿಯ ಭಾಷೆ ಚೆನ್ನಾಗಿ ಬರುತ್ತಿತ್ತು. ಗಡಿಯ ಆ ಕಡೆ ಹಂಗೇರಿಯ ಭಾಷೆ ಆಡುವ ಲಕ್ಷಾಂತರ ಜನ ಇದ್ದಾರೆ. ಆದರೆ ಅಧಿಕೃತ ಮೀಟಿಂಗಿನಲ್ಲಿ ಅವರು ರೊಮೇನಿಯನ್ ಬಿಟ್ಟು ಬೇರೆ ಆಡುತ್ತಿರಲಿಲ್ಲ. ನೇನಿ ಹೇಳಿದ್ದು ಅವರಿಗೆ ಅರ್ಥವಾಗಿರುತ್ತಿತ್ತು, ಆದರೂ ದುಭಾಷಿ ಹೇಳುವ ತನಕ ಕಾಯುತ್ತಿದ್ದರು. ಊಟಕ್ಕೆ ಕೂತ ಕೂಡಲೇ ಇಬ್ಬರೂ ಹಂಗೇರಿಯ ಭಾಷೆಯಲ್ಲಿ ಮೊಮ್ಮಕ್ಕಳ ವಿಚಾರ ಮಾತಾಡುತ್ತಿದ್ದರು. ಮೊದಮೊದಲು ನನಗೆ ಇದು ವಿಚಿತ್ರ ಅನ್ನಿಸಿತ್ತು. ಆಮೇಲೆ, ಇದೇ ಸರಿ ಅನ್ನಿಸಿತು. ದೇಶದ ಪರವಾಗಿ ಕೂತಾಗ ಬೇರೆ, ಮನುಷ್ಯರಾಗಿ ಕೂತಾಗ ಬೇರೆ.

ಈಗ ಅಮೋನಿಯಂ ಜಗಳಕ್ಕೆ ಬರುತ್ತೇನೆ. ನನ್ನ ಹನ್ನೆರಡು ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅಂದರೆ ಇದು.

ಒಂದೇ ಬಕೆಟಿನ ನೀರನ್ನು ಎರಡು ಬಾಟಲಿಗೆ ಹಂಚಿಕೊಳ್ಳುತ್ತಿದ್ದೆವು. ಒಂದು ಅವರಿಗೆ, ಒಂದು ನಮಗೆ. ತಿಂಗಳ ಕೊನೆಗೆ ಅಂಕಿ ಹೋಲಿಸುವುದು. ಆಮ್ಲಜನಕ ಹೊಂದುತ್ತಿತ್ತು, ನೈಟ್ರೇಟ್ ಹೊಂದುತ್ತಿತ್ತು. ಅಮೋನಿಯಂ ಮಾತ್ರ ಪ್ರತಿ ತಿಂಗಳೂ ನಮ್ಮದು ಜಾಸ್ತಿ, ಅವರದು ಕಡಿಮೆ. ನಮ್ಮದು 0.90 ಅಂದರೆ ಅವರದು 0.70. ನಮ್ಮದು 0.45 ಅಂದರೆ ಅವರದು 0.35. ಅಮೋನಿಯಂ ಅಂದರೆ ಊರಿನ ಚರಂಡಿ ನೀರು, ಹಂದಿ ಸಾಕುವ ಫಾರಂಗಳ ಕೊಳಚೆ. ಮೇಲಿನ ದೇಶಕ್ಕೆ ಕಡಿಮೆ ತೋರಿಸುವ ಆಸೆ, ಕೆಳಗಿನ ದೇಶಕ್ಕೆ ಜಾಸ್ತಿ ತೋರಿಸುವ ಆಸೆ. ಎಲ್ಲರೂ ಹಾಗೇ ಅಂದುಕೊಂಡರು. ಅವರು ಮುಚ್ಚಿಡುತ್ತಾರೆ ಅಂತ ನಮ್ಮವರು, ಇವರು ಉಬ್ಬಿಸುತ್ತಾರೆ ಅಂತ ಅವರು. ಆರು ತಿಂಗಳು ಹೀಗೇ ನಡೆಯಿತು. ಬಾಟಲಿ ಬದಲಾಯಿಸಿದೆವು, ಐಸ್ ಪೆಟ್ಟಿಗೆ ಬದಲಾಯಿಸಿದೆವು. ಗಡಿಯ ಕಸ್ಟಮ್ಸ್‌ನಲ್ಲಿ ಅವರ ಬಾಟಲಿ ಬಿಸಿಲಲ್ಲಿ ಕೂತು ಕೆಡುತ್ತದೆಯೇನೋ ಅಂತ ಅದನ್ನೂ ನೋಡಿದೆವು. ಏನೂ ಬದಲಾಗಲಿಲ್ಲ.

ಒಂದು ಭಾನುವಾರ ಮನೆಯಲ್ಲಿ ಕೂತು ಎಲ್ಲ ತಿಂಗಳ ಅಂಕಿಗಳನ್ನೂ ಒಂದರಿಂದ ಒಂದನ್ನು ಭಾಗಿಸಿದೆ. ಸುಮ್ನೆ, ಬೇರೇನೂ ತೋಚದೆ. 1.29. 1.28. 1.29. 1.30. ಸುಳ್ಳು ಹೇಳುವವರು ಇಷ್ಟು ಶಿಸ್ತಾಗಿ ಸುಳ್ಳು ಹೇಳುವುದಿಲ್ಲ. ಹದಿನೆಂಟನ್ನು ಹದಿನಾಲ್ಕರಿಂದ ಭಾಗಿಸಿದರೆ 1.29. ಅಮೋನಿಯಂನ ತೂಕ 18, ಅದರೊಳಗಿನ ನೈಟ್ರೋಜನ್ನಿನ ತೂಕ 14. ನಾವು ಇಡೀ ಅಮೋನಿಯಂ ಎಷ್ಟಿದೆ ಅಂತ ಬರೆಯುತ್ತಿದ್ದೆವು, ಅವರು ಅದರಲ್ಲಿರುವ ನೈಟ್ರೋಜನ್ ಮಾತ್ರ ಎಷ್ಟು ಅಂತ ಬರೆಯುತ್ತಿದ್ದರು. ಎರಡೂ ಸರಿ. ಎರಡೂ ಕಾಗದದಲ್ಲಿ ತಲೆಬರಹ ಮಾತ್ರ 'ಅಮೋನಿಯಂ, ಮಿಲಿಗ್ರಾಂ, ಲೀಟರಿಗೆ'. ನೈಟ್ರೇಟಿನಲ್ಲಿ ಹೀಗಾಗಿದ್ದರೆ 4.43 ಪಟ್ಟು ವ್ಯತ್ಯಾಸ ಬರುತ್ತಿತ್ತು, ಮೊದಲ ದಿನವೇ ಯಾರ ಕಣ್ಣಿಗಾದರೂ ಬೀಳುತ್ತಿತ್ತು. 1.29 ಅನ್ನುವುದು ಮನುಷ್ಯರು ಹೇಳುವ ಸುಳ್ಳಿನ ಅಳತೆಯದು. ಅದಕ್ಕೇ ಯಾರಿಗೂ ಲೆಕ್ಕ ಹೊಳೆಯಲಿಲ್ಲ, ಅನುಮಾನ ಮಾತ್ರ ಹೊಳೆಯಿತು.

ಸೋಮವಾರ ಇಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದೆ. ನನಗೆ ಬರುವ ಹರಕುಮುರುಕು ಹಂಗೇರಿಯ ಭಾಷೆಯಲ್ಲೇ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು. ಜೋರಾಗಿ, ಕೆಮ್ಮು ಬರುವ ತನಕ ನಕ್ಕರು. ದುಭಾಷಿ ಇಲ್ಲದೆ, ಹಂಗೇರಿಯ ಭಾಷೆಯಲ್ಲೇ ಹೇಳಿದರು: "ಆರು ತಿಂಗಳು ನಿಮ್ಮನ್ನು ಬೈದುಕೊಂಡೆನಲ್ಲಮ್ಮ."

ಅಲ್ಲಿಂದ ನಾವೊಂದು ಪದ್ಧತಿ ಮಾಡಿಕೊಂಡೆವು. ಅಂಕಿ ಹೊಂದದಿದ್ದರೆ ಮೊದಲು ತಲೆಬರಹ ನೋಡುವುದು, ಆಮೇಲೆ ಬಾಟಲಿ, ಮನುಷ್ಯರನ್ನು ನೋಡುವುದು ಕೊನೆಗೆ. ಇದೇ ಕಣ್ಣಿನಿಂದ ಹಳೆಯ ರಿಜಿಸ್ಟರುಗಳನ್ನು ತೆಗೆದು ನೋಡಿದರೆ ಬೇಕಾದಷ್ಟು ಸಿಕ್ಕವು. ಹಂಗೇರಿಯಲ್ಲಿ ಕೊಳೆಯ ಅಂದಾಜಿಗೆ ಪರ್ಮಾಂಗನೇಟ್ ಬಳಸುವ ಹಳೆಯ ಪರೀಕ್ಷೆ ಮಾಡುತ್ತಿದ್ದ ವರ್ಷಗಳಿವೆ, ಡೈಕ್ರೋಮೇಟ್ ಪರೀಕ್ಷೆ ಮಾಡಿದ ವರ್ಷಗಳಿವೆ. ಎರಡನೆಯದರ ಅಂಕಿ ಯಾವಾಗಲೂ ಜಾಸ್ತಿ ಬರುತ್ತದೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ ನದಿ ಒಂದೇ ವರ್ಷದಲ್ಲಿ ಹಾಳಾದ ಹಾಗೆ ಕಾಣುತ್ತದೆ. ಲೋಹಗಳಿಗೆ ಬಂದರೆ ಫಿಲ್ಟರಿನ ಪ್ರಶ್ನೆ. ನೀರನ್ನು ದಡದಲ್ಲೇ ಸೋಸಿ ಅಳೆಯುತ್ತೀರೋ, ಲ್ಯಾಬಿಗೆ ತಂದು ಸೋಸುತ್ತೀರೋ, ಸೋಸುವುದೇ ಇಲ್ಲವೋ? ಕೆಸರಿಗೆ ಅಂಟಿದ ಸೀಸವನ್ನು ಲೆಕ್ಕಕ್ಕೆ ಹಿಡಿದರೆ ಒಂದು ಅಂಕಿ, ಬಿಟ್ಟರೆ ಇನ್ನೊಂದು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಗಡಿಯಾರ. ಗಡಿಯ ಆಚೆ ಈಚೆ ಎರಡು ಸ್ಯಾಂಪಲ್ ಜಾಗಗಳು. ಮಧ್ಯೆ ಸುಮಾರು ಮೂರು ಕಿಲೋಮೀಟರ್. ನೀರು ಸೆಕೆಂಡಿಗೆ ಒಂದು ಮೀಟರ್ ಹೋಗುತ್ತಿತ್ತು ಅಂದುಕೊಳ್ಳಿ, ಐವತ್ತು ನಿಮಿಷದ ದಾರಿ. ಒಂದು ಹಳೆಯ ದಾಖಲೆಯಲ್ಲಿ ಆ ಕಡೆಯವರು ನೀರು ತುಂಬಿಸಿಕೊಂಡ ಸಮಯ 10:00. ಅದೇ ನೀರನ್ನು ಹಿಂಬಾಲಿಸಿ ನಮ್ಮವರು ತುಂಬಿಸಿಕೊಂಡ ಸಮಯ 9:50. ಅಂದರೆ ನೀರು ರೊಮೇನಿಯಾದಿಂದ ಹೊರಡುವ ಹತ್ತು ನಿಮಿಷ ಮೊದಲೇ ಹಂಗೇರಿಗೆ ಬಂದುಬಿಟ್ಟಿದೆ! ರೊಮೇನಿಯಾದ ಗಡಿಯಾರ ಹಂಗೇರಿಗಿಂತ ಒಂದು ಗಂಟೆ ಮುಂದು. ಯಾರೂ ಅದನ್ನು ಬರೆದಿರಲಿಲ್ಲ. ಭಾರತದಲ್ಲಿ ಬೆಳೆದವರಿಗೆ ಇದು ಹೊಳೆಯುವುದು ಕಷ್ಟ. ನಮ್ಮಲ್ಲಿ ಗುಜರಾತಿನಿಂದ ಅರುಣಾಚಲದವರೆಗೆ ಒಂದೇ ಗಡಿಯಾರ. ಆಮೇಲೆ ರಿಜಿಸ್ಟರಿನಲ್ಲಿ ಸಮಯಕ್ಕೆ ಎರಡು ಕಾಲಂ ಮಾಡಿಸಿದೆ. ನದಿಯ ಹೆಸರಿಗೂ ಎರಡು ಕಾಲಂ. ಯಾವ ಹೆಸರು ಮೊದಲು ಅನ್ನುವ ಜಗಳ ಅಲ್ಲಿಗೆ ಮುಗಿಯಿತು. ಸ್ಯಾಂಪಲ್ ಯಾವ ದೇಶದ ದಡದಲ್ಲಿ ತೆಗೆದದ್ದೋ ಆ ಹೆಸರು ಮೊದಲು.

ಲ್ಯಾಬುಗಳ ನಡುವಿನ ಪರೀಕ್ಷೆಯನ್ನೂ ಹೇಳಬೇಕು. ಬುಡಾಪೆಸ್ಟಿನ ವಿಟುಕಿ ಅನ್ನುವ ನೀರಿನ ಸಂಶೋಧನಾ ಸಂಸ್ಥೆ ಆಗ ಡ್ಯಾನ್ಯೂಬ್ ದೇಶಗಳ ಲ್ಯಾಬುಗಳಿಗೆಲ್ಲ ಒಂದೇ ನೀರಿನ ಬಾಟಲಿಗಳನ್ನು ಕಳಿಸುತ್ತಿತ್ತು. ಒಳಗೆ ಎಷ್ಟಿದೆ ಅಂತ ಅವರಿಗೆ ಮಾತ್ರ ಗೊತ್ತು. ಪರೀಕ್ಷೆ ಮಾಡಿ ಉತ್ತರ ಕಳಿಸಬೇಕು. ಫಲಿತಾಂಶದಲ್ಲಿ ಲ್ಯಾಬಿನ ಹೆಸರು ಇರುವುದಿಲ್ಲ, ಕೋಡ್ ನಂಬರ್ ಇರುತ್ತದೆ. ನಿಮ್ಮ ನಂಬರ್ ನಿಮಗೆ ಮಾತ್ರ ಗೊತ್ತು. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನದ ಹಾಗೆಯೇ ನೇನಿ ಅವತ್ತು ಬೆಳಿಗ್ಗೆಯಿಂದ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಪಶ್ಚಿಮದ ಲ್ಯಾಬುಗಳು ಎಲ್ಲದರಲ್ಲೂ ಮುಂದೆ ಇರುತ್ತವೆ ಅಂತ ನಾನು ಅಂದುಕೊಂಡಿದ್ದೆ. ನನ್ನ ಲೆಕ್ಕ ತಪ್ಪು. ಅವರ ಯಂತ್ರ ಹೊಸದು, ಅಷ್ಟೇ. ಹುಳುಗಳನ್ನು ನೋಡಿ ನೀರಿನ ಗುಣ ಹೇಳುವ ವಿದ್ಯೆಯಲ್ಲಂತೂ ಈ ಹಳೆಯ ಕಮ್ಯುನಿಸ್ಟ್ ದೇಶಗಳ ಜೀವಶಾಸ್ತ್ರಜ್ಞರ ಮುಂದೆ ನಿಲ್ಲುವವರು ಕಡಿಮೆ. ಯಂತ್ರಕ್ಕೆ ದುಡ್ಡಿಲ್ಲದ ಕಾಲದಲ್ಲಿ ಕಣ್ಣು, ಭೂತಗನ್ನಡಿ ಇಷ್ಟರಲ್ಲೇ ಕಲಿತವರು. ತೊಂಬತ್ತರ ದಶಕದಲ್ಲಿ ಇವರಿಗೆ ಪಾಠ ಹೇಳಲು ಪಶ್ಚಿಮದಿಂದ ಕನ್ಸಲ್ಟೆಂಟುಗಳು ಗುಂಪುಗುಂಪಾಗಿ ಬಂದರಂತೆ. ಪೋಲೆಂಡಿನಲ್ಲಿ ಅಂಥವರಿಗೆ ಅವರು ಇಳಿದುಕೊಳ್ಳುವ ಹೋಟೆಲಿನ ಹೆಸರು ಸೇರಿಸಿ 'ಮ್ಯಾರಿಯಟ್ ಬ್ರಿಗೇಡ್' ಅಂತ ಅಡ್ಡಹೆಸರೇ ಇತ್ತು. ನಮ್ಮ ಲ್ಯಾಬಿಗೂ ಒಬ್ಬರು ಬಂದು ಎರಡು ದಿನ ಇದ್ದು, ಪಿಪೆಟ್ ಹಿಡಿಯುವುದು ಹೇಗೆ ಅಂತ ನೇನಿಗೆ ತೋರಿಸಿದ್ದರಂತೆ. ನೇನಿ ಈ ಕಥೆಯನ್ನು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ಇಷ್ಟೆಲ್ಲ ಮಾಡಿದ್ದರಿಂದ ನದಿ ಚೊಕ್ಕ ಆಯಿತೇ? ಇಲ್ಲಿ ನಾನು ಸ್ವಲ್ಪ ಕಹಿ ಮಾತು ಆಡಬೇಕು. ತೊಂಬತ್ತರ ದಶಕದಲ್ಲಿ ಡ್ಯಾನ್ಯೂಬ್ ಕಡೆಯ ನದಿಗಳ ನೀರು ಸುಧಾರಿಸಿತು, ನಿಜ. ಸುಧಾರಿಸಿದ್ದು ಸಹಕಾರದಿಂದ ಅಲ್ಲ. ಕಾರ್ಖಾನೆಗಳು ಮುಚ್ಚಿದವು. ಸಬ್ಸಿಡಿ ನಿಂತು ರೈತರಿಗೆ ಗೊಬ್ಬರ ಕೊಳ್ಳಲು ದುಡ್ಡಿಲ್ಲದಾಯಿತು. ದೊಡ್ಡ ದೊಡ್ಡ ಹಂದಿ ಫಾರಂಗಳು ಖಾಲಿಯಾದವು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಡ್ಯಾನ್ಯೂಬ್ ತಂದು ಸುರಿದ ಗೊಬ್ಬರದ ಸಾರಕ್ಕೆ ಕಪ್ಪು ಸಮುದ್ರದ ವಾಯುವ್ಯ ಭಾಗದಲ್ಲಿ ಪಾಚಿ ಬೆಳೆದು, ತಳದಲ್ಲಿ ಉಸಿರಾಡಲು ಆಮ್ಲಜನಕವೇ ಇಲ್ಲದೆ ಸಾವಿರಾರು ಚದರ ಕಿಲೋಮೀಟರ್ ಸತ್ತುಹೋಗಿತ್ತು. ಅದು ಚೇತರಿಸಿಕೊಳ್ಳಲು ಶುರುವಾದದ್ದು ಲಕ್ಷಾಂತರ ಜನ ಕೆಲಸ ಕಳೆದುಕೊಂಡ ವರ್ಷಗಳಲ್ಲಿ. ಆ ಗ್ರಾಫು ತೋರಿಸಿ ಚಪ್ಪಾಳೆ ಹೊಡೆಸಿಕೊಂಡ ಭಾಷಣಗಳನ್ನು ನಾನು ಕೇಳಿದ್ದೇನೆ. ಪಕ್ಕದಲ್ಲಿ ಕೂತ ಇಂಜಿನಿಯರ್ ಸಾಹೇಬರು ಮೆಲ್ಲಗೆ, "ಅದು ನನ್ನ ತಮ್ಮನ ಕಾರ್ಖಾನೆ" ಅಂದಿದ್ದರು.

ಆಮೇಲೆ ಬಂದ ಬದಲಾವಣೆಗೆ ಕಾರಣ ಯುರೋಪಿಯನ್ ಒಕ್ಕೂಟ. ಸೇರಬೇಕೆಂದರೆ ಚರಂಡಿ ನೀರು ಶುದ್ಧ ಮಾಡಲೇಬೇಕು, ಅದಕ್ಕೆ ದುಡ್ಡೂ ಕೊಡುತ್ತೇವೆ ಅಂದರು. ಹಂಗೇರಿ 2004ರಲ್ಲಿ ಸೇರಿತು, ರೊಮೇನಿಯಾ 2007ರಲ್ಲಿ. ಬುಡಾಪೆಸ್ಟಿನ ದೊಡ್ಡ ಶುದ್ಧೀಕರಣ ಘಟಕ ಚೆಪೆಲ್ ದ್ವೀಪದಲ್ಲಿ ಎದ್ದಿತು. ಅದಕ್ಕೂ ಮೊದಲು ಆ ನಗರದ ಕೊಳಚೆಯಲ್ಲಿ ಸುಮಾರು ಅರ್ಧದಷ್ಟು ಸರಿಯಾಗಿ ಶುದ್ಧವಾಗದೆ ಡ್ಯಾನ್ಯೂಬಿಗೆ ಹೋಗುತ್ತಿತ್ತು. ಒಕ್ಕೂಟದ ಹೊರಗೇ ಉಳಿದ ಸರ್ಬಿಯಾದ ಬೆಲ್‌ಗ್ರೇಡ್ ಆ ಎಲ್ಲ ವರ್ಷವೂ ಕೊಳಚೆಯನ್ನು ಹಾಗೇ ನದಿಗೆ ಬಿಡುತ್ತಿತ್ತು. ಒಪ್ಪಂದಕ್ಕೆ ಎಲ್ಲರೂ ಸಹಿ ಹಾಕಿದ್ದರು. ವ್ಯತ್ಯಾಸ ದುಡ್ಡಿನದು, ಒಳಗೆ ಸೇರುವ ಆಸೆಯದು.

ಬಾಯಾ ಮಾರೆಯಿಂದಲೂ ಕಾನೂನು ಬಂತು. ತ್ಯಾಜ್ಯದ ಕೊಳಕ್ಕೆ ಬಿಡುವ ನೀರಿನಲ್ಲಿ ಸೈನೈಡ್ ಎಷ್ಟಿರಬಹುದು ಅಂತ ಒಕ್ಕೂಟ 2006ರಲ್ಲಿ ಮಿತಿ ಹಾಕಿ, ಹಂತಹಂತವಾಗಿ ಇಳಿಸಿತು. ಹಂಗೇರಿ 2009ರ ಡಿಸೆಂಬರಿನಲ್ಲಿ ಗಣಿಗಳಲ್ಲಿ ಸೈನೈಡ್ ಬಳಸುವುದನ್ನೇ ನಿಷೇಧಿಸಿತು. ಮರುವರ್ಷವೇ, 2010ರ ಅಕ್ಟೋಬರ್ 4ಕ್ಕೆ, ಹಂಗೇರಿಯೊಳಗೇ ಕಟ್ಟೆ ಒಡೆಯಿತು. ಈ ಸಲ ಅಲ್ಯುಮಿನಾ ಕಾರ್ಖಾನೆಯ ಕೆಂಪು ಕೆಸರು. ಕೊಲೊಂತಾರ್ ಹಳ್ಳಿಯ ಮೇಲೆ ನುಗ್ಗಿತು, ಹತ್ತು ಜನ ಸತ್ತರು. ಸುಡುವಂಥ ಕ್ಷಾರ ಅದು, ಮರ್ತ್ಸಾಲ್ ನದಿಯಲ್ಲಿ ಒಂದು ಜೀವವೂ ಉಳಿಯಲಿಲ್ಲ. ಜಿಪ್ಸಂ, ಆಮ್ಲ ಸುರಿದು ಪಿಎಚ್ ಇಳಿಸುತ್ತಾ ಬಂದರು. ಮೂರು ದಿನಕ್ಕೆ ಅದು ಡ್ಯಾನ್ಯೂಬ್ ಮುಟ್ಟುವಾಗ ತುಂಬಾ ತಿಳಿಯಾಗಿತ್ತು. ಆ ವಾರ ಇಂಜಿನಿಯರ್ ಸಾಹೇಬರು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಈಗ ಅವರು ಕೆಳಗಿನ ದೇಶದವರು, ನಾವು ಮೇಲಿನವರು. "ಪಿಎಚ್ ಎಷ್ಟು? ಯಾವ ಸಮಯದ್ದು? ಯಾರ ಸಮಯ?" ಅಂತ ಕೇಳುತ್ತಿದ್ದರು. ನಾನು ಹೇಳಿದ ಅಂಕಿಯನ್ನು ಒಂದು ಸಲವೂ ಅನುಮಾನಿಸಲಿಲ್ಲ.

ನಿಮ್ಮ ದೇಶದಲ್ಲೂ ಗಡಿ ದಾಟುವ ನದಿಗಳಿವೆಯಾ ಅಂತ ನೇನಿ ಒಮ್ಮೆ ಕೇಳಿದ್ದರು. ದೇಶದ ಗಡಿ ಯಾಕೆ, ರಾಜ್ಯದ ಗಡಿ ದಾಟುವುದಕ್ಕೇ ನೂರು ವರ್ಷದ ಜಗಳ ಇದೆ ಅಂದೆ. ಕಾವೇರಿಯ ಕಥೆ, ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದವರು ನೀರು ಅಳೆಯುವುದು, ಎರಡೂ ರಾಜ್ಯಗಳು ಆ ಒಂದು ಅಂಕಿಯನ್ನು ಕಾಯುವುದು ಎಲ್ಲ ಹೇಳಿದೆ. ಅವರು ಯೋಚಿಸಿ, "ಮೂರನೆಯವರು ಅಳೆದರೆ ಸುಲಭ. ಆದರೆ ಆಗ ನೀವಿಬ್ಬರೂ ಒಬ್ಬರ ಲ್ಯಾಬಿಗೆ ಒಬ್ಬರು ಹೋಗುವುದೇ ಇಲ್ಲವಲ್ಲ" ಅಂದರು. ನನಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ.

2011ರ ಜೂನ್‌ನಲ್ಲಿ ನಾನು ಊರಿಗೆ ಹೊರಡುವ ಮೊದಲು ಕೊನೆಯ ಜಂಟಿ ಮೀಟಿಂಗು ಸೊಲ್ನೋಕಿನಲ್ಲೇ ಇತ್ತು. ಜೂನ್ ಮಧ್ಯದಲ್ಲಿ ತಿಸಾದಲ್ಲಿ ಒಂದು ಹುಳು ಏಳುತ್ತದೆ. ಅದನ್ನು ಅಲ್ಲಿನವರು ತಿಸಾದ ಹೂವು ಅನ್ನುತ್ತಾರೆ. ಮರಿ ಮೂರು ವರ್ಷ ದಡದ ಜೇಡಿಮಣ್ಣಿನೊಳಗೆ ಬಿಲ ಮಾಡಿಕೊಂಡು ಇರುತ್ತದೆ. ಆಮೇಲೆ ಒಂದು ಸಂಜೆ ಲಕ್ಷಗಟ್ಟಲೆ ಹುಳುಗಳು ಒಟ್ಟಿಗೆ ಮೇಲೆದ್ದು, ನೀರಿನ ಮೇಲೆ ಹಾರಿ, ಜೋಡಿಯಾಗಿ, ಮೊಟ್ಟೆಯಿಟ್ಟು ಕೆಲವೇ ಗಂಟೆಯಲ್ಲಿ ಸಾಯುತ್ತವೆ. ಸೈನೈಡ್ ಬಂದಾಗ ಇವೂ ಮುಗಿದವು ಅಂತ ಹೆದರಿದ್ದೆವು. ಮುಗಿದಿರಲಿಲ್ಲ.

ಮೀಟಿಂಗು ಮುಗಿಸಿ ಮೂವರೂ ದಡಕ್ಕೆ ಹೋದೆವು. ನೇನಿ ಅಷ್ಟು ಹೊತ್ತಿಗೆ ರಿಟೈರ್ ಆಗಿದ್ದರು, ಹುಳು ನೋಡಲೆಂದೇ ಮೊಮ್ಮಗಳ ಕೈಹಿಡಿದು ಬಂದಿದ್ದರು. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ನೀರೇ ಕಾಣದಷ್ಟು. ಹಳದಿ ಬಾಲದ ಹುಳುಗಳು ಇಂಜಿನಿಯರ್ ಸಾಹೇಬರ ಕಂದು ಸ್ವೆಟರಿನ ತುಂಬ ಕೂತವು. ಅವರು ಅಲುಗಾಡದೆ ನಿಂತರು. ನಾನು ಅಭ್ಯಾಸಬಲದಿಂದ ಚೀಲದಿಂದ ನೋಟ್‌ಬುಕ್ ತೆಗೆದೆ.

"ಎಂಟು ಹತ್ತು" ಅಂದರು ಸಾಹೇಬರು, ಕೈಗಡಿಯಾರ ನೋಡಿ.

"ಏಳು ಹತ್ತು" ಅಂದರು ನೇನಿ.

ಎರಡನ್ನೂ ಬರೆದುಕೊಂಡೆ.